ಮುಂಬಯಿಯಲ್ಲಿ ಎಂಟು ದಿನ

ಕರಾವಳಿಯ ಕನ್ನಡಿಗನಿಗೆ ಮುಂಬಯಿ ಪರಸ್ಥಳವೆಂದರೆ ಯಾರೂ ಒಪ್ಪಲಾರರು. ನಮ್ಮ ಕುಂದಾಪುರದ ಸುತ್ತಿನ ಯಾವ ಹಳ್ಳಿಗಾದರೂ ಹೋಗಿ, ಯಾವ ಮನೆಯ ಜಗಲಿಯಲ್ಲಾದರೂ ಕುಳಿತು ವಿಚಾರಿಸಿ. ಆ ಮನೆಯವರಲ್ಲಿ ಒಬ್ಬರಾದರೂ ‘ಬೊಂಬಾಯಿ’ಯಲ್ಲಿರುತ್ತಾರೆ, ಇಲ್ಲವೇ ಅಲ್ಲಿ ದುಡಿದು ಹಣ್ಣಾಗಿ ಊರಿಗೆ ಮರಳಿರುತ್ತಾರೆ. ನನ್ನ ಬಾಲ್ಯದಲ್ಲಿ ಮುಂಬಯಿ ಎಂದರೆ ಮೇ ತಿಂಗಳಿನಲ್ಲಿ ಬರುವ ನೆಂಟರು. ಅವರು ತರುತ್ತಿದ್ದ, ಕಾಗದದ ಹಾಳೆಗಳ ನಡುವೆ ತೆಳ್ಳಗೆ ಮಲಗಿರುತ್ತಿದ್ದ ಮಾಹಿಮ್ ಹಲ್ವ. ಅವರ ಬಾಯಲ್ಲಿ ಕುಂದಾಪುರದ ಮಾತಿನೊಡನೆ ಬೆರೆತು ಬರುತ್ತಿದ್ದ ಹಿಂದಿಯ ಚೂರುಗಳು. ಆ ನಗರವನ್ನು ನೋಡದೆಯೇ ನೋಡಿದಂತೆ ಬೆಳೆದವರು ನಾವು. ಆ ಕಾರಣದಿಂದಲೇ ಇರಬೇಕು, ಮೂವತ್ತಾರು ತುಂಬುವವರೆಗೂ ನಾನು ಅಲ್ಲಿಗೆ ಹೋಗಿರಲಿಲ್ಲ. ಕಳೆದ ದಸರೆಯ ರಜೆಯಲ್ಲಿ, ಮಿತ್ರರೊಬ್ಬರ ಒತ್ತಾಯವನ್ನು ಇನ್ನು ತಪ್ಪಿಸಿಕೊಳ್ಳಲಾರದೆ, ನನ್ನಾಕೆಯೊಡನೆ ಹೊರಟೆ.

ಈ ಮಿತ್ರರು ಮುಂಬಯಿಯಲ್ಲಿಯೇ ಹುಟ್ಟಿದವರು. ಕಾಲೇಜಿನ ಓದಿಗೆಂದು ಅಜ್ಜಿಯ ಮನೆಗೆ ಬಂದು, ಮುಂದೆ ಮಂಗಳಗಂಗೋತ್ರಿಯಲ್ಲಿ ಎರಡು ವರ್ಷ ನನ್ನೊಡನೆ ಎಂ.ಎ. ಮಾಡಿದವರು. ಪಂಪನ ಪಾಠವನ್ನು ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕೇಳಿದ್ದೇವೆ. ಪದವಿ ದೊರೆತ ಮೇಲೆ ನಾನು ಊರಿನಲ್ಲಿ ಉಪನ್ಯಾಸಕನಾದೆ. ಅವರು ಹುಟ್ಟಿದೂರಿಗೆ ಮರಳಿ ನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಮಾಸ್ತರರಾದರು. ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆಂಬುದೂ, ಅವುಗಳಲ್ಲಿ ಕನ್ನಡವೂ ಒಂದೆಂಬುದೂ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಹೋಗುವ ದಾರಿ ಈಗ ಸುಲಭವಾಗಿದೆ. ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರುಗಳ ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ಣವಾಗಿ ತೆರೆದಂದಿನಿಂದ, ಮಧ್ಯಾಹ್ನದ ಊಟ ಮನೆಯಲ್ಲಿ ಮುಗಿಸಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಏರಿದವನು ಮರುದಿನ ಬೆಳಗಿನ ಚಹಾದ ಹೊತ್ತಿಗೆ ಮುಂಬಯಿಯಲ್ಲಿರುತ್ತಾನೆ. ಕರ್ಬುಡೆಯ ಆರೂವರೆ ಕಿಲೋಮೀಟರಿನ ಸುರಂಗ, ಪಾನ್ವಲ್ ಹೊಳೆಯ ಮೇಲೆ 64 ಮೀಟರು ಎತ್ತರದಲ್ಲಿ ನಿಂತ ಸೇತುವೆ, ಇವೆಲ್ಲ ಈ ಮಾರ್ಗದ ಹೆಮ್ಮೆಗಳು. ಆದರೆ ನಮ್ಮ ರೈಲು ಇವುಗಳನ್ನು ದಾಟುವುದು ಕತ್ತಲೆಯಲ್ಲಿ; ಚಕ್ರಗಳ ಸದ್ದು ಬದಲಾದಾಗ ಮಾತ್ರ ಎಚ್ಚರವಿದ್ದವರಿಗೆ ಆ ಸಾಹಸದ ಸುಳಿವು ಸಿಗುತ್ತದೆ.

ನಗರದರ್ಶನದ ಮೊದಲ ದಿನವನ್ನು ಎಲ್ಲರಂತೆ ನಾವೂ ಕಳೆದೆವು. 1887ರಲ್ಲಿ ಸ್ಟೀವನ್ಸ್ ಎಂಬ ಶಿಲ್ಪಿ ಕಟ್ಟಿಸಿದ ದೊಡ್ಡ ರೈಲುನಿಲ್ದಾಣದ ಕಲ್ಲುಕೆತ್ತನೆಯನ್ನು ಕತ್ತೆತ್ತಿ ನೋಡುವವರು ನಾವಿಬ್ಬರೇ ಇದ್ದೆವು. ಉಳಿದ ಸಾವಿರಾರು ಜನ ನಮ್ಮನ್ನು ಬಳಸಿಕೊಂಡು ಓಡುತ್ತಿದ್ದರು. ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿಯಿಂದ ಇಳಿದ ನನ್ನಾಕೆಗೆ, ಅಲ್ಲಿ ಕಚೇರಿಯಿಂದ ಮರಳುವ ಹೆಂಗಸರು ರಾತ್ರಿಯ ಅಡುಗೆಗೆ ತೊಡೆಯ ಮೇಲೆಯೇ ಅವರೆಕಾಯಿ ಸುಲಿಯುತ್ತಿದ್ದುದು ಗೇಟ್‌ವೇಗಿಂತ ದೊಡ್ಡ ಸೋಜಿಗವಾಯಿತು. ಗೇಟ್‌ವೇ ಆಫ್ ಇಂಡಿಯಾ ದೊರೆಯೊಬ್ಬನ ಸ್ವಾಗತದ ನೆನಪಿಗೆ ಕಟ್ಟಿದ ಬಾಗಿಲು. 1924ರಲ್ಲಿ ಮುಗಿಯಿತು, 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಪಡೆ ಅದೇ ಬಾಗಿಲಿನಿಂದ ಹೊರಟುಹೋಯಿತು. ಇಪ್ಪತ್ನಾಲ್ಕು ವರ್ಷಗಳ ಉಪಯೋಗಕ್ಕೆ ಅಷ್ಟು ದೊಡ್ಡ ಬಾಗಿಲು!

ಆ ಬಾಗಿಲಿನ ಬುಡದಿಂದಲೇ ಎಲಿಫೆಂಟಾಕ್ಕೆ ದೋಣಿಗಳು ಹೊರಡುತ್ತವೆ. ಒಂದು ಗಂಟೆಯ ಯಾನ. ಕಡಲಹಕ್ಕಿಗಳು ದೋಣಿಯ ಬೆನ್ನು ಹತ್ತಿ ಬರುತ್ತವೆ. ದ್ವೀಪದ ಸ್ವಂತ ಹೆಸರು ಘಾರಾಪುರಿ. ದಡದ ಬಳಿ ಇದ್ದ ಕಲ್ಲಾನೆಯನ್ನು ಕಂಡ ಪೋರ್ಚುಗೀಸರು ಆನೆಯ ಹೆಸರಿಟ್ಟರು. ಆ ಆನೆ ಈಗ ದ್ವೀಪದಲ್ಲಿಲ್ಲ, ಬೈಕಲ್ಲಾದ ಜೀಜಾಮಾತಾ ಉದ್ಯಾನದಲ್ಲಿದೆ. ಹೆಸರು ಒಂದು ಕಡೆ, ಆನೆ ಒಂದು ಕಡೆ.

ಗುಹೆಯೊಳಗೆ ಕಾಲಿಟ್ಟಾಗ ಕಣ್ಣಿಗೆ ಮೊದಲು ಕತ್ತಲೆಯಷ್ಟೇ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಹಿಂಗೋಡೆಯಿಂದ ಸುಮಾರು 18 ಅಡಿ ಎತ್ತರದ ಸದಾಶಿವ ಮೆಲ್ಲಗೆ ಮೂಡಿಬರುತ್ತಾನೆ. ನಮ್ಮ ಎಡಕ್ಕೆ ಮೀಸೆಯ ಉಗ್ರಮುಖ, ಬಲಕ್ಕೆ ತಾವರೆ ಹಿಡಿದ ಸೌಮ್ಯಮುಖ. ನಡುವಿನದು ಎರಡನ್ನೂ ಬಲ್ಲ, ಎರಡಕ್ಕೂ ಸೇರದ ಮುಖ. ಸುತ್ತಿನ ಶಿಲ್ಪಗಳಲ್ಲಿ ಬಹುಪಾಲು ಪೋರ್ಚುಗೀಸರ ಕಾಲದಲ್ಲಿ ಕೈಕಾಲು ಕಳೆದುಕೊಂಡವು. ಇದೊಂದು ಹೇಗೋ ಉಳಿಯಿತು. ನಾವು ಮೂವರೂ ಅಲ್ಲಿ ಮಾತಿಲ್ಲದೆ ನಿಂತೆವು. ಹೊರಗೆ ಬಂದ ಮೇಲೆ ಮಿತ್ರರು, “ಐಹೊಳೆಯ ಶಾಸನ ನೆನಪಾಯಿತೋ ಮಾರಾಯ?” ಎಂದರು. ನೆನಪಾಗದೆ ಇರುವುದೇ? ಎರಡನೆಯ ಪುಲಕೇಶಿ ನೂರಾರು ನಾವೆಗಳೊಡನೆ ಪಡುಗಡಲ ಪುರಿಯನ್ನು ಮುತ್ತಿದನೆಂದು ರವಿಕೀರ್ತಿ 634ರಲ್ಲಿ ಆ ಶಾಸನದಲ್ಲಿ ಹೇಳುತ್ತಾನೆ. ಆ ಪುರಿ ಈ ಘಾರಾಪುರಿಯೇ ಎಂದು ಹಲವು ವಿದ್ವಾಂಸರ ಮತ. ಕನ್ನಡನಾಡಿನವನೊಬ್ಬ ಮುಂಬಯಿಯ ನೀರಿಗೆ ಬಂದ ಮೊದಲ ದಾಖಲೆಯನ್ನು ಹುಡುಕುವವರು ಅಲ್ಲಿಂದ ಆರಂಭಿಸಬಹುದು. ಆತ ಬಂದದ್ದು ಹೋಟೆಲು ಇಡಲು ಅಲ್ಲವೆಂಬುದೊಂದೇ ವ್ಯತ್ಯಾಸ.

ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಪ್ರವಾಸಿಗಳು ಅಷ್ಟಾಗಿ ಹೋಗದ ಕಾನ್ಹೇರಿ. ಬೋರಿವಲಿಯಲ್ಲಿ ರೈಲಿಳಿದು, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಕೆಲವು ಮೈಲು ಹೋದರೆ ಕರಿಕಲ್ಲಿನ ಗುಡ್ಡವೊಂದು ಎದುರಾಗುತ್ತದೆ. ಅದರ ಮೈತುಂಬ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳು. ಒಬ್ಬ ಭಿಕ್ಷುವಿಗೊಂದು ಕೋಣೆ, ಮಲಗಲು ಕಲ್ಲಿನ ಹಾಸು, ಬಾಗಿಲಲ್ಲಿ ಮಳೆನೀರು ತುಂಬುವ ತೊಟ್ಟಿ. ಗುಡ್ಡದ ಮೇಲೆ ಸುರಿದ ನೀರು ಕಲ್ಲಿನಲ್ಲಿ ಕಡಿದ ಕಾಲುವೆಗಳ ಮೂಲಕ ತೊಟ್ಟಿಯಿಂದ ತೊಟ್ಟಿಗೆ ಇಳಿಯುವ ಏರ್ಪಾಟನ್ನು ಕಂಡರೆ, ಕೆಳಗಿನ ನಗರದಲ್ಲಿ ನೀರಿನ ಟ್ಯಾಂಕರಿಗೆ ಕಾಯುವವರು ನಾಚಬೇಕು.

ಶಾಸನಗಳಲ್ಲಿ ಈ ಬೆಟ್ಟದ ಹೆಸರು ಕೃಷ್ಣಗಿರಿ. ದರ್ಬಾರ್ ಗುಹೆಯೆಂದು ಕರೆಯುವ ಹನ್ನೊಂದನೆಯ ಗುಹೆಯ ಮೊಗಸಾಲೆಯಲ್ಲಿ, ಕಂಬಗಳ ಮೇಲಿನ ತೊಲೆಯಲ್ಲಿ, ಒಂಬತ್ತನೆಯ ಶತಮಾನದ ಬರಹವೊಂದಿದೆ. ಗೌಡದೇಶದಿಂದ, ಎಂದರೆ ಬಂಗಾಳದ ಕಡೆಯಿಂದ ಬಂದ ಉಪಾಸಕನೊಬ್ಬ ಇಲ್ಲಿನ ಭಿಕ್ಷುಗಳಿಗೆ ಕೊಟ್ಟ ದತ್ತಿಯ ದಾಖಲೆ ಅದು. ಆಗ ಕೊಂಕಣವನ್ನು ಆಳುತ್ತಿದ್ದ ಸಾಮಂತ ಶಿಲಾಹಾರರ ಕಪರ್ದಿ. ಅವನ ಒಡೆಯ ಅಮೋಘವರ್ಷ. ನಮ್ಮ ನೃಪತುಂಗ! ಯಾರ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೋ, ಪ್ರತಿವರ್ಷ ಜೂನಿನಲ್ಲಿ ಯಾರ ಹೆಸರಿನಿಂದ ನಾನು ಪಾಠ ಆರಂಭಿಸುತ್ತೇನೋ, ಆ ದೊರೆಯ ಹೆಸರು ಬೋರಿವಲಿಯ ಕಾಡಿನಲ್ಲಿ. ಕವಿರಾಜಮಾರ್ಗ ಹೇಳುವ ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗಿನದು. ದೊರೆಯ ಅಧಿಕಾರ ಅದನ್ನು ಮೀರಿ ಹಬ್ಬಿತ್ತೆಂಬುದಕ್ಕೆ ಈ ತೊಲೆ ಸಾಕ್ಷಿ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವೆಂಬ ಹಳ್ಳಿ ಅಂದು ಮಾನ್ಯಖೇಟವಾಗಿ ಅವನ ರಾಜಧಾನಿಯಾಗಿತ್ತು.

ಮಿತ್ರರ ಒಂಬತ್ತು ವರ್ಷದ ಮಗಳು ನಮ್ಮೊಡನಿದ್ದಳು. “ಇದ್ರಗೆ ಎಂತ ಬರ್ದದ್ದ್, ಮಾಮ?” ಎಂದು ಕೇಳಿದಳು. ಹೇಳಿದೆ. ಬರಹ ಸಂಸ್ಕೃತದಲ್ಲಿದೆಯೆಂದೂ ಸೇರಿಸಿದೆ. ಅವಳು ತುಸು ಯೋಚಿಸಿ, “ಕನ್ನಡದ ರಾಜ ಅಂದ್ರಿ. ಕನ್ನಡದಗೆ ಯಾಕ್ ಬರೀಲಿಲ್ಲ?” ಎಂದಳು. ಹದಿನೈದು ವರ್ಷಗಳ ಅಧ್ಯಾಪನದಲ್ಲಿ ಇಂಥ ನೇರವಾದ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ಹೆಚ್ಚಿಲ್ಲ. ಮಿತ್ರರು ನಕ್ಕು, ಸ್ವಲ್ಪ ತಡೆದು, “ಕೇಳಿದವಳಿಗೂ ಕನ್ನಡ ಓದಲಿಕ್ಕೆ ಬರುವುದಿಲ್ಲ. ಅದನ್ನೂ ಬರೆದುಕೋ” ಎಂದರು.

ಹೌದು. ಕುಂದಾಪುರದ ಕನ್ನಡವನ್ನು ನಮ್ಮೂರ ಮಕ್ಕಳಿಗಿಂತ ಸೊಗಸಾಗಿ ಆಡುವ ಆ ಹುಡುಗಿ ಓದುವುದು ಇಂಗ್ಲಿಷ್ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮತ್ತು ಮರಾಠಿ, ಅಕ್ಷರಮಾಲೆಗೆ ಸ್ಥಳವೆಲ್ಲಿ? ಕನ್ನಡ ಶಾಲೆಯ ಮಾಸ್ತರರ ಮಗಳೇ ಹೀಗೆ ಎಂದು ಆಡಿಕೊಳ್ಳುವುದು ಸುಲಭ. ನನಗೆ ಬಾಯಿ ಬರಲಿಲ್ಲ. ಕನ್ನಡ ಕಲಿಸಿ ಜೀವಿಸುವ ನಮ್ಮ ಕಾಲೇಜಿನ ಸಿಬ್ಬಂದಿಯ ಮಕ್ಕಳು ಎಲ್ಲಿ ಓದುತ್ತಾರೆಂದು ಬಲ್ಲವನು ನಾನು.

ಮಿತ್ರರ ತಂದೆಯವರ ಕಥೆ ಇನ್ನೊಂದು ಬಗೆಯದು. 1957ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಘಟ್ಟ ಹತ್ತಿ ಹುಬ್ಬಳ್ಳಿಯಲ್ಲಿ ರೈಲು ಹಿಡಿದು ಬಂದವರು. ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುವ ಕೆಲಸ. ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ನಿದ್ರೆ. ಆ ಕಾಲದಲ್ಲಿ ಕರಾವಳಿಯ ಮೊಗವೀರರು, ಬಿಲ್ಲವರು ಮೊದಲಾದವರ ಸಂಘಗಳು ಮುಂಬಯಿಯಲ್ಲಿ ರಾತ್ರಿಶಾಲೆಗಳನ್ನು ನಡೆಸುತ್ತಿದ್ದವು. ಹಗಲು ಕೆಲಸ ಮಾಡಿದ ಹುಡುಗ ಸಂಜೆ ಕೈ ಒರೆಸಿಕೊಂಡು ಕನ್ನಡ ಪುಸ್ತಕ ಹಿಡಿಯುತ್ತಿದ್ದ. “ಯಾವ ಜಾತಿ ಅಂತ ಕೇಳ್ತಿರ್ಲಿಲ್ಲ. ಸೋಡದ ವಾಸನೆ ಎಲ್ಲರ ಕೈಯಲ್ಲೂ ಒಂದೇ” ಎಂದರು ಹಿರಿಯರು. ಅಲ್ಲಿ ಮೆಟ್ರಿಕ್ ಮುಗಿಸಿ, ಬ್ಯಾಂಕಿನ ಗುಮಾಸ್ತರಾಗಿ, ಮನೆ ಮಾಡಿದರು. ಅವರ ಓರಗೆಯ ಎಷ್ಟೋ ಮಂದಿ ಹೀಗೆಯೇ ಮೇಲೆ ಬಂದವರು. ಪುಲಕೇಶಿಯ ನಾವೆಗಳು ಮಾಡಲಾಗದ್ದನ್ನು ಆ ರಾತ್ರಿಶಾಲೆಗಳ ಮಂದ ದೀಪಗಳು ಮಾಡಿದವೆಂದರೆ ಅತಿಶಯೋಕ್ತಿಯಾಗದು.

ಹಿರಿಯರು ನಮ್ಮನ್ನು ತಾವೇ ಮಾಟುಂಗಕ್ಕೆ ಕರೆದೊಯ್ದರು. ನಿಲ್ದಾಣದ ಬಳಿ, 1942ರಿಂದ ಬಾಳೆಯೆಲೆಯಲ್ಲಿ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ. ಸಾರಿನ ಪರಿಮಳಕ್ಕೆ ನನ್ನಾಕೆ, “ಇಷ್ಟಕ್ಕೆ ಊರು ಬಿಟ್ಟು ಬರಬೇಕಿತ್ತೇ?” ಎಂದಳು. ಅದು ಹೊಗಳಿಕೆಯೆಂದು ಹಿರಿಯರಿಗೆ ತಿಳಿಯಿತು. ಅಲ್ಲಿಂದ 1926ರ ಮೈಸೂರು ಅಸೋಸಿಯೇಷನ್ನಿನ ಕಟ್ಟಡದ ಮುಂದೆ ಹಾದು ಹೋದೆವು. ಇನ್ನೊಂದು ಸಂಜೆ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಕಡಲಿಗೆ ಮುಖ ಮಾಡಿ ಕುಳಿತೆವು. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಬಹುಕಾಲ ಬಾಳಿದ್ದು ಇಲ್ಲಿಯೇ. 1979ರ ‘ಶಿಕಾರಿ’ಯನ್ನು ತರಗತಿಯಲ್ಲಿ ಹಲವು ಬಾರಿ ಪಾಠ ಮಾಡಿದ್ದೇನೆ, ಆ ಕಾದಂಬರಿಯ ಭಯ ಎಂಥದೆಂದು ಅರ್ಥವಾದದ್ದು ಮಾತ್ರ ಚರ್ಚ್‌ಗೇಟಿನ ಸಂಜೆಯ ಗುಂಪಿನಲ್ಲಿ, ಪರಿಚಿತ ಮುಖವೊಂದೂ ಇಲ್ಲದೆ ಹತ್ತು ನಿಮಿಷ ನಿಂತಾಗ.

ಹೊರಡುವ ಹಿಂದಿನ ದಿನ ಮಿತ್ರರ ಶಾಲೆಗೆ ಹೋದೆ. ನಾಲ್ಕು ಮಹಡಿಯ ಕಟ್ಟಡ; ಒಂದೊಂದು ಮಹಡಿಯಲ್ಲಿ ಒಂದೊಂದು ಭಾಷೆ. ಕನ್ನಡಕ್ಕೆ ಈಗ ಉಳಿದಿರುವುದು ಮೂರು ಕೋಣೆಗಳು. ಹಿಂದೆ ಇಲ್ಲಿ ತುಂಬಿರುತ್ತಿದ್ದವರು ಕರಾವಳಿಯವರ ಮಕ್ಕಳು. ಅವರ ಮಕ್ಕಳು ಬರುವುದಿಲ್ಲ. ಕಾರಣವನ್ನು ಮೇಲೆಯೇ ಹೇಳಿದ್ದಾಯಿತು. ಈಗ ಬೆಂಚುಗಳಲ್ಲಿ ಕುಳಿತಿರುವವರು ಕಲಬುರಗಿ, ಯಾದಗಿರಿಗಳಿಂದ ಕಟ್ಟಡದ ಕೂಲಿಗೆ ಬಂದವರ ಮಕ್ಕಳು. ಜೂನ್ ತಿಂಗಳಿನಲ್ಲಿ ಮಾಸ್ತರರು ಕಟ್ಟಡ ಏಳುತ್ತಿರುವ ಕಡೆಗಳಿಗೆಲ್ಲ ಹೋಗಿ, ತಗಡಿನ ಜೋಪಡಿಗಳ ಮುಂದೆ ನಿಂತು, ತಾಯಂದಿರನ್ನು ಒಪ್ಪಿಸಿ ಮಕ್ಕಳನ್ನು ಕರೆತರುತ್ತಾರೆ. ಕಟ್ಟಡ ಮುಗಿಯಿತೆಂದರೆ ಜೋಪಡಿ ಬೇರೆಡೆಗೆ ಹೋಗುತ್ತದೆ, ಅದರೊಡನೆ ಅರ್ಧ ತರಗತಿಯೂ. ಸಂಖ್ಯೆ ಇನ್ನಷ್ಟು ಇಳಿದರೆ ಒಂದನೆಯ ತರಗತಿ ಉಳಿಯುವುದೇ ಎಂಬ ಚಿಂತೆಯಲ್ಲಿ ಅವರ ಪ್ರತಿ ಬೇಸಗೆಯೂ ಕಳೆಯುತ್ತದೆ.

ಒಂದನೆಯ ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ಕರಿಹಲಗೆಯ ಮೇಲೆ ಅ, ಆ, ಇ, ಈ. ಮುಂದಿನ ಸಾಲಿನ ಹುಡುಗನೊಬ್ಬ ಸ್ಲೇಟಿನ ಮೇಲೆ ‘ಈ’ ಬರೆಯುವುದರಲ್ಲಿ ಮೈಮರೆತಿದ್ದ. ಅದರ ಕೊಂಬು ಅವನು ಹೇಳಿದ ಕಡೆ ಹೋಗುತ್ತಿರಲಿಲ್ಲ. ಅಳಿಸುವುದು, ಮತ್ತೆ ಬರೆಯುವುದು. ಯಾವೂರು ಎಂದು ಕೇಳಿದೆ.

“ನಮ್ದು ಸೇಡಂ ಕಡಿ ರೀ ಸರ” ಎಂದ, ತಲೆ ಎತ್ತದೆ.

ನಾನು ಮಿತ್ರರ ಮುಖ ನೋಡಿದೆ. ಅವರು ಕಿಟಕಿಯ ಬಳಿ ನಿಂತಿದ್ದರು. ರಸ್ತೆಯ ಆಚೆಗೆ ಏಳುತ್ತಿದ್ದ ಕಟ್ಟಡದ ತುದಿಯಲ್ಲಿ, ಹಳದಿ ಟೊಪ್ಪಿಗೆ ತೊಟ್ಟವರು ಕಬ್ಬಿಣದ ಸರಳು ಕಟ್ಟುತ್ತಿದ್ದರು. ಮಿತ್ರರು ಕೆಳಗಿನಿಂದ ಮೇಲಕ್ಕೆ ಬೆರಳಿನಿಂದ ಎಣಿಸಿದರು.

“ಹದಿಮೂರಾಯಿತು. ಇನ್ನೂ ಒಂಬತ್ತು ಮಹಡಿ ಬಾಕಿ ಇದೆ” ಎಂದರು. “ಈ ವರ್ಷಕ್ಕೆ ತೊಂದರೆ ಇಲ್ಲ ಮಾರಾಯ.”