ಸೀಟಿನಡಿಯ ಹಳದಿ ಕನೆಕ್ಟರ್

ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಏರ್‌ಬ್ಯಾಗ್ ಲೈಟ್ ಒಂದು ತಿಂಗಳಿಂದ ಉರೀತಾನೇ ಇತ್ತು. ಕಾರು ಓಡ್ತಿದೆಯಲ್ಲ ಅಂತ ಬಿಟ್ಟಿದ್ದೆ. ಸಭೆ, ಧರಣಿ ಅಂತ ಸಂಗಾತಿಗಳನ್ನ ಅದರಲ್ಲೇ ರಾತ್ರಿ ಹೈವೇಲಿ ಕರ್ಕೊಂಡು ತಿರುಗಿದ್ದೀನಿ. ಆ ಲೈಟ್ ಆರದಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೇ ಇರಬಹುದು ಅಂತ ತಿಳಿದಾಗ ಎದೆ ಧಸಕ್ಕೆಂತು.

ಒಂದು ಸರ್ವಿಸ್ ಸೆಂಟರ್‌ನಲ್ಲಿ ಸ್ಟೇರಿಂಗ್ ಒಳಗಿನ ಸುರುಳಿ ಕೇಬಲ್ ಹೋಗಿದೆ, 12,000 ಆಗತ್ತೆ ಅಂದರು. ಸ್ಕ್ಯಾನ್ ಮಾಡಿದ್ರಾ ಅಂತ ಕೇಳಿದ್ದಕ್ಕೆ ನನ್ನ ಮೇಲಿಂದ ಕೆಳಗೆ ನೋಡಿದರು. ಗುಮಾಸ್ತನ ಅಂಗಿ ನೋಡಿ ಉತ್ತರ ಕೊಡೋರು ಎಲ್ಲ ಕಡೆ ಇದ್ದಾರೆ ಬಿಡಿ.

ನಮ್ಮ ಕೇರಿಯ ಹುಡುಗ ಆಟೋ ಎಲೆಕ್ಟ್ರಿಷಿಯನ್. ಸ್ಕ್ಯಾನರ್ ಹಾಕಿದ. ಎಡಗಡೆ ಸೀಟ್‌ಬೆಲ್ಟ್ ಬಕಲ್‌ನ ಪ್ರಿಟೆನ್ಷನರ್ ಲೈನಿನಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಅಂತ ಬಂತು.

"ಅಣ್ಣಾ, ಸೀಟ್ ಕೆಳಗೆ ಏನಿಟ್ಟಿದ್ದೀರಿ?"

ಕರಪತ್ರದ ಕಟ್ಟು! ತುರುಕುವಾಗ ಹಳದಿ ಕನೆಕ್ಟರ್ ಸಡಿಲಾಗಿತ್ತು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಕಾದ. ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರತ್ತಂತೆ. ನಾನು ಮಲ್ಟಿಮೀಟರ್ ಹಿಡಿದು ಬಂದೆ, ಗದರಿಸಿದ: "ಅದರ ಕರೆಂಟಿಗೇ ಸಿಡೀಬಹುದು ಅಣ್ಣಾ, ಇಡ್ರಿ ಅತ್ಲಾಗೆ." ಕನೆಕ್ಟರ್ ಒರೆಸಿ, ಟಕ್ ಅಂತ ಕೂರಿಸಿ, ಬ್ಯಾಟರಿ ಹಾಕಿ ಕೋಡ್ ಅಳಿಸಿದ. ಕೀ ತಿರುಗಿಸಿದೆ. ಲೈಟ್ ಕೆಲವು ಸೆಕೆಂಡ್ ಹತ್ತಿ ಆರಿತು.

300 ರೂಪಾಯಿ ಬೇಡ ಅಂದ, ಜೇಬಿಗೆ ತುರುಕಿದೆ. ಕರಪತ್ರಗಳು ಈಗ ಡಿಕ್ಕೀಲಿವೆ. ಜೈ ಭೀಮ್.