ಮೊಮ್ಮಗ ಒಪ್ಪಿಸಿದ ಲೆಕ್ಕ

ಏಪ್ರಿಲ್ ತಿಂಗಳ ಹತ್ತನೆಯ ತಾರೀಖು ಎಂದೊಡನೆ ನನ್ನ ವಯಸ್ಸಿನವರ ಎದೆ ಇಂದಿಗೂ ಒಮ್ಮೆ ಹೊಡೆದುಕೊಳ್ಳದೆ ಇರದು. ಅಂದು ಶಾಲೆಯ ಫಲಿತಾಂಶದ ದಿನ. ಬೆಳಿಗ್ಗೆಯೇ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಒಗೆದ ಅಂಗಿ ತೊಟ್ಟು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲುವುದು. ಮೇಷ್ಟರು ಪಟ್ಟಿ ಹಿಡಿದು ಹೊರಗೆ ಬರುವುದು. ಒಂದೊಂದೇ ಹೆಸರನ್ನು ಓದುವುದು. ಹೆಸರು ಕೇಳಿಸಿದವನು ಬದುಕಿದ. ಕೇಳಿಸದವನು ಸಂಜೆಯವರೆಗೂ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ. ನಾನು ಮೊದಲು ಆ ಸಾಲಿನಲ್ಲಿ ನಿಂತವನು. ಆಮೇಲೆ ೩೪ ವರ್ಷ ಆ ಪಟ್ಟಿಯನ್ನು ಹಿಡಿದು ನಿಂತವನು. ಮಕ್ಕಳ ವಿದ್ಯೆಯನ್ನು ಅಳೆಯುವ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂಬ ಭಾವನೆಯೊಂದು ನಿವೃತ್ತನಾದ ಮೇಲೂ ನನ್ನಲ್ಲಿ ಭದ್ರವಾಗಿ ಕುಳಿತಿತ್ತು.

ಕಳೆದ ಡಿಸೆಂಬರಿನಲ್ಲಿ ಅದು ಸ್ವಲ್ಪ ಅಲ್ಲಾಡಿತು.

ನನ್ನ ಮಗ ಹಲವು ವರ್ಷ ಸಿಂಗಪುರದಲ್ಲಿದ್ದು ಬೆಂಗಳೂರಿಗೆ ಹಿಂದಿರುಗಿದವನು. ಮೊಮ್ಮಗ ಯಲಹಂಕದಾಚೆಯ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ನಾಲ್ಕನೆಯ ತರಗತಿ. ಸೆಮಿಸ್ಟರಿನ ಕೊನೆಗೆ ಮನೆಯವರು ಬಂದು ಹುಡುಗನ ಕೆಲಸವನ್ನು ನೋಡಬೇಕೆಂದು ಶಾಲೆಯಿಂದ ಕರೆ ಬಂದಿತ್ತು. ಮಗನಿಗೆ ಅಂದೇ ಮುಂಬಯಿ ಪ್ರಯಾಣ. ಸೊಸೆಗೆ ಆಫೀಸಿನಲ್ಲಿ ಬಿಡಲಾರದ ಕೆಲಸ. "ಮಾವ, ಈ ಸಲ ನೀವೇ ಹೋಗಿ ಬನ್ನಿ. ನಿಮಗೇನು ಹೊಸದೇ?" ಎಂದಳು. ಹೊಸದಲ್ಲವೆಂದೇ ನಾನೂ ಎಣಿಸಿದೆ. ಕರೆಯಲ್ಲಿ, 'ವಿದ್ಯಾರ್ಥಿಯೇ ನಡೆಸಿಕೊಡುವ ಸಮಾಲೋಚನೆ' ಎಂಬ ಅರ್ಥದ ಇಂಗ್ಲಿಷ್ ಮಾತಿತ್ತು. ಬೆರಳಚ್ಚಿನವರ ತಪ್ಪಿರಬೇಕು, ವಿದ್ಯಾರ್ಥಿಯ ವಿಷಯದಲ್ಲಿ ನಡೆಯುವ ಸಮಾಲೋಚನೆ ಎಂದಿರಬೇಕು, ಎಂದುಕೊಂಡು ಹೊರಟೆ.

ಇಂಥ ಶಾಲೆಗಳ ಮೇಲೆ ನನಗೆ ಮೊದಲಿನಿಂದಲೂ ಅಷ್ಟೇನೂ ಪ್ರೀತಿಯಿರಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಅಲ್ಲಿಯ ಒಂದು ವರ್ಷದ ಶುಲ್ಕವನ್ನು ಕೇಳಿದ ದಿನ ನಾನು ರಾತ್ರಿಯ ಊಟವನ್ನು ಸರಿಯಾಗಿ ಮಾಡಲಿಲ್ಲ. "ಅಪ್ಪ, ನಾಳೆ ಮತ್ತೆಲ್ಲಿಗೋ ವರ್ಗವಾದರೆ ಹುಡುಗನಿಗೆ ಪಾಠ ತಪ್ಪಬಾರದಲ್ಲ" ಎಂದು ಮಗ ಸಮಾಧಾನ ಹೇಳಿದ್ದ. ವಿಚಾರಿಸಿ ನೋಡಿದರೆ ಈ ಶಾಲೆಗಳು ಹುಟ್ಟಿದ್ದೇ ಆ ಕಾರಣಕ್ಕೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಜಿನೀವಾ ನಗರದಲ್ಲಿ ರಾಷ್ಟ್ರಸಂಘ ನೆಲೆಗೊಂಡಿತು. ನಾನಾ ದೇಶಗಳ ಅಧಿಕಾರಿಗಳು ಸಂಸಾರ ಸಮೇತ ಬಂದಿಳಿದರು. ಅವರ ಮಕ್ಕಳಿಗಾಗಿ ೧೯೨೪ರಲ್ಲಿ ಅಲ್ಲಿ ಒಂದು ಅಂತರರಾಷ್ಟ್ರೀಯ ಶಾಲೆ ಪ್ರಾರಂಭವಾಯಿತು. ಎಲ್ಲ ದೇಶಗಳಲ್ಲಿಯೂ ಸಲ್ಲುವ ಪರೀಕ್ಷೆಯೊಂದು ಬೇಕೆಂದು ೧೯೬೮ರಲ್ಲಿ ಅದೇ ಊರಿನಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಎಂಬ ಸಂಸ್ಥೆ ಹುಟ್ಟಿತು. ನಮ್ಮ ದೇಶದಲ್ಲಿ ಅದನ್ನು ಮೊದಲು, ೧೯೭೬ರಲ್ಲಿ, ಕೈಗೊಂಡದ್ದು ಕೊಡೈಕನಾಲಿನ ಶಾಲೆ. ಚಿಕ್ಕ ಮಕ್ಕಳ ಪಾಠಕ್ರಮ ಬಂದದ್ದು ೧೯೯೭ರಲ್ಲಿ. ತಹಸೀಲ್ದಾರರ ಮಕ್ಕಳು ಕೋಲಾರದಲ್ಲಿ ಅರ್ಧ ಪಾಠ, ಶಿವಮೊಗ್ಗದಲ್ಲಿ ಇನ್ನರ್ಧ ಪಾಠ ಕಲಿತು ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡವನು, ಕಷ್ಟವೇನೋ ನಿಜವಾದದ್ದೇ. ಆದರೆ ಈಗ ಅಲ್ಲಿ ಓದುವವರಲ್ಲಿ ಎಷ್ಟೋ ಮಕ್ಕಳು ಬೆಂಗಳೂರು ಬಿಟ್ಟು ಕದಲುವವರಲ್ಲ. ಇರಲಿ.

ಶಾಲೆಯ ಬಾಗಿಲಲ್ಲಿ ಕೊರಳಿಗೊಂದು ಚೀಟಿ ತಗುಲಿಸಿ ಒಳಗೆ ಬಿಟ್ಟರು. ತರಗತಿಯ ಬಾಗಿಲಲ್ಲೇ ಮೊಮ್ಮಗ ಕಾದಿದ್ದ. ಮನೆಯಲ್ಲಿ ಸೋಫಾದ ಮೇಲೆ ತಲೆಕೆಳಗಾಗಿ ಮಲಗುವ ಹುಡುಗ, ಇಲ್ಲಿ ಛತ್ರದ ಯಜಮಾನನಂತೆ, "ಬನ್ನಿ ತಾತ, ಇಲ್ಲಿ ಕೂತ್ಕೊಳ್ಳಿ" ಎಂದು ಒಂದು ಪುಟ್ಟ ಕುರ್ಚಿಯನ್ನು ತೋರಿಸಿದ. ಕುಳಿತೆ. ಮೊಣಕಾಲು ಗದ್ದಕ್ಕೆ ತಗುಲಿತು. ಅಂಥ ನಾಲ್ಕು ಮೇಜುಗಳಲ್ಲಿ ನಾಲ್ಕು ಸಂಸಾರಗಳು, ಪ್ರತಿಯೊಂದು ಮೇಜಿನಲ್ಲೂ ಮಾತನಾಡುತ್ತಿದ್ದುದು ಮಗು, ಕೇಳುತ್ತಿದ್ದವರು ದೊಡ್ಡವರು. ಉಪಾಧ್ಯಾಯಿನಿ — ಕೇರಳದ ಕಡೆಯವರು — ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು. ಮೇಷ್ಟರೊಬ್ಬರು ತರಗತಿಯಲ್ಲಿದ್ದೂ ಬಾಯಿ ಬಿಡದಿರುವುದು ಸಾಧ್ಯವೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

"ಇದು ನನ್ನ ಪೋರ್ಟ್‌ಫೋಲಿಯೊ" ಎಂದು ದಪ್ಪನೆಯ ಕಡತವೊಂದನ್ನು ಹುಡುಗ ನನ್ನ ಮುಂದಿಟ್ಟ. ಆ ಮಾತನ್ನು ನಾನು ಕೇಳಿದ್ದುದು ಮಂತ್ರಿಗಳಿಗೆ ಖಾತೆ ಹಂಚುವ ಸಮಯದಲ್ಲಿ ಮಾತ್ರ. ಗೋಡೆಯ ಮೇಲೆ, ವಿದ್ಯಾರ್ಥಿ ಎಂಥವನಾಗಬೇಕೆಂದು ಹತ್ತು ಗುಣಗಳನ್ನು ಬರೆದು ತೂಗುಹಾಕಿದ್ದರು: ಪ್ರಶ್ನಿಸುವವನು, ಯೋಚಿಸುವವನು, ಕನಿಕರವುಳ್ಳವನು, ಹೀಗೆ. ಅವುಗಳಲ್ಲೊಂದು 'ರಿಸ್ಕ್ ಟೇಕರ್.' ನನ್ನ ತಲೆಮಾರಿನವರೆಗೆ ನಮ್ಮ ಮನೆತನದಲ್ಲಿ ಸರ್ಕಾರಿ ನೌಕರಿಯನ್ನು ಬಿಟ್ಟು ಬೇರೆ ದಾರಿ ಹಿಡಿದವರಿಲ್ಲ. ರಿಸ್ಕಿಗೂ ನಮಗೂ ಎಣ್ಣೆ ಸೀಗೆಕಾಯಿ. ಈ ಗುಣ ಹುಡುಗನಿಗೆ ಎಲ್ಲಿಂದ ಬಂದೀತು ಎಂದು ಮನಸ್ಸಿನಲ್ಲೇ ನಕ್ಕೆ.

ಕಡತ ತೆರೆಯಿತು. ಆ ಸೆಮಿಸ್ಟರಿನಲ್ಲಿ ಅವರು ಆರು ವಾರ ನೀರಿನ ವಿಷಯವನ್ನು ಹಿಡಿದಿದ್ದರಂತೆ. ಭೂಗೋಳ, ಲೆಕ್ಕ, ಭಾಷೆ ಎಲ್ಲವೂ ಅದರಲ್ಲೇ ಸೇರಿಕೊಂಡಿದ್ದವು. ಮೊದಲ ಹಾಳೆಯಲ್ಲಿ ಒಂದು ನಕ್ಷೆ. ಬೆಂಗಳೂರಿಗೆ ೧೮೯೬ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದದ್ದು. ಈಗ ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ, ಮೂರು ಹಂತಗಳಲ್ಲಿ ಸುಮಾರು ೫೦೦ ಮೀಟರು ಮೇಲಕ್ಕೇರಿ ಬರುವುದು. "ತಾತ, ನಮ್ಮ ನಲ್ಲಿಯ ನೀರು ಬೆಟ್ಟ ಹತ್ತಿ ಬರುತ್ತೆ" ಎಂದ. ನಲವತ್ತು ವರ್ಷ ಆ ನೀರನ್ನು ಕುಡಿದ ನಾನು ಅದನ್ನು ಹಾಗೆ ಯೋಚಿಸಿದವನೇ ಅಲ್ಲ.

ಮುಂದಿನದು ಮನೆಯ ನೀರಿನ ಲೆಕ್ಕ. ಸ್ನಾನಕ್ಕೆ ಇಷ್ಟು, ಪಾತ್ರೆಗೆ ಇಷ್ಟು, ಗಿಡಕ್ಕೆ ಇಷ್ಟು ಎಂದು ಏಳು ದಿನ ಬರೆದಿದ್ದ. ಕೂಡಿ ನೋಡಿದೆ, ಅಭ್ಯಾಸಬಲ. ಮೊತ್ತ ತಪ್ಪಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಉತ್ಸಾಹದಿಂದ, "ಇದು ತಪ್ಪು ಹಾಳೆ ತಾತ! ಬಕೆಟ್ಟಿಗೆ ಎಷ್ಟು ಲೀಟರ್ ಹಿಡಿಯುತ್ತೆ ಅಂತ ನೋಡದೇ ೧೦ ಅಂತ ಹಾಕಿಬಿಟ್ಟಿದ್ದೆ. ಕೂಡೋದರಲ್ಲೂ ತಪ್ಪಿದೆ. ಆಮೇಲೆ ಅಳೆದೆ, ೧೬. ಸರಿ ಹಾಳೆ ಅದರ ಹಿಂದೆ ಇದೆ" ಎಂದ. ತಪ್ಪಿದ ಹಾಳೆಯನ್ನು ಏಕೆ ಹರಿದುಹಾಕಲಿಲ್ಲವೆಂದು ಕೇಳಿದೆ. ಅವನು ನನ್ನನ್ನು ಅನುಕಂಪದಿಂದ ನೋಡಿದ. "ಹರಿದರೆ ಎಲ್ಲಿ ತಪ್ಪಿತು ಅಂತ ಹೇಗೆ ಗೊತ್ತಾಗುತ್ತೆ?"

ಅನಂತರದ ಹಾಳೆಯಲ್ಲಿ ಮನೆಗೆಲಸಕ್ಕೆ ಬರುವಾಕೆಯ ಮನೆಯ ಲೆಕ್ಕವೂ ಇತ್ತು. ಆಕೆಯನ್ನು ಅಡಿಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದ್ದನಂತೆ. ಆಕೆಯ ವಠಾರಕ್ಕೆ ನೀರು ಬರುವುದು ವಾರಕ್ಕೆರಡು ದಿನ. ೨೦೨೪ರ ಬೇಸಗೆಯಲ್ಲಿ ಊರಿಗೆಲ್ಲ ನೀರಿನ ಬರ ಬಂದಾಗ ಅದೂ ಇಲ್ಲ. ನಮ್ಮ ಮನೆಯಲ್ಲಿ ಒಬ್ಬರು ಒಂದು ದಿನಕ್ಕೆ ಸುರಿಯುವ ನೀರಿನಲ್ಲಿ ಆ ಮನೆಯ ನಾಲ್ವರ ದಿನ ಕಳೆಯುತ್ತಿತ್ತು. ಹುಡುಗ ಅದರ ಕೆಳಗೆ ಯಾವ ಉಪದೇಶವನ್ನೂ ಬರೆದಿರಲಿಲ್ಲ. ಎರಡು ಕಂಬಗಳನ್ನು, ಒಂದು ಎತ್ತರ ಒಂದು ಗಿಡ್ಡ, ನೀಲಿ ಬಣ್ಣದಿಂದ ಬರೆದಿದ್ದ, ಅಷ್ಟೆ. ಆಕೆಯ ಮಗಳು ಓದುವ ಸರ್ಕಾರಿ ಶಾಲೆಯಲ್ಲಿ ಇಂಥ ಕಡತ ಇಡುವುದಕ್ಕೆ ಯಾರಿಗೆ ಬಿಡುವಿದ್ದೀತು ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಹುಟ್ಟಿತು. ಇಲ್ಲಿ ತರಗತಿಗೆ ೨೨ ಮಕ್ಕಳು. ನನಗೆ ಒಂದು ಕಾಲಕ್ಕೆ ೬೪ ಮಕ್ಕಳಿದ್ದರು. ಹೆದರಿಕೆಯಿಲ್ಲದೆ ಕಲಿಯುವುದಕ್ಕೂ ಒಂದು ಬೆಲೆಚೀಟಿ ಅಂಟಿಸಿದ್ದಾರೆಂಬ ನನ್ನ ಹಳೆಯ ಕೋಪ ಈಗಲೂ ಪೂರ್ತಿ ಹೋಗಿಲ್ಲ.

"ನಿಮ್ಮ ಊರಲ್ಲಿ ನೀರು ಹೇಗೆ ಬರ್ತಿತ್ತು ತಾತ?" ಎಂದ. ಬರುತ್ತಿರಲಿಲ್ಲ, ನಾವೇ ಬಾವಿಗೆ ಹೋಗುತ್ತಿದ್ದೆವು. ರಾಟೆಗೆ ಹಗ್ಗ ಹಾಕಿ ಸೇದುತ್ತಿದ್ದೆವು, ಎಂದೆ. 'ಸೇದು' ಎಂಬ ಮಾತು ಅವನಿಗೆ ಬಹಳ ಹಿಡಿಸಿತು. ಕಡತದ ಅಂಚಿನಲ್ಲಿ ಬರೆದುಕೊಂಡ — ಇಂಗ್ಲಿಷ್ ಅಕ್ಷರಗಳಲ್ಲಿ.

ಆಮೇಲೆ ಕೊನೆಯ ಹಾಳೆ. ಅದರಲ್ಲಿ ಮೂರು ಮನೆಗಳು: ನನಗೆ ಬರುವುದು, ನಾನು ಕಲಿಯುತ್ತಿರುವುದು, ನನಗೆ ಇನ್ನೂ ಬಾರದ್ದು. ಮೂರನೆಯ ಮನೆಯಲ್ಲಿ ಒಂದೇ ಸಾಲಿತ್ತು: ಕನ್ನಡ ಓದುವುದು.

"ಅಕ್ಷರ ಬರುತ್ತೆ ತಾತ. ಕಾಗುಣಿತಾನೂ ಬರುತ್ತೆ. ಒತ್ತಕ್ಷರ ಬಂದ ಕೂಡಲೇ ನಿಂತುಬಿಡ್ತೀನಿ" ಎಂದ. ಮಳೆ ಬಂದರೆ ಆಟ ನಿಲ್ಲುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ. ಶಾಲೆಯನ್ನು ದೂರುವಂತಿರಲಿಲ್ಲ. ೨೦೧೫ರ ಕನ್ನಡ ಕಲಿಕೆ ಕಾಯಿದೆಯ ಮೇರೆಗೆ ಅವರು ಪಾಠವನ್ನು ಇಟ್ಟಿದ್ದರು. ವಾರಕ್ಕೆ ಮೂರು ಅವಧಿ. ಉಳಿದ ಹೊತ್ತು ಹುಡುಗ ಇರುವುದು ನಮ್ಮ ಮನೆಯಲ್ಲಿ. ಅಲ್ಲಿ ಅವನು ಕೇಳುವ ಕನ್ನಡ, ಸಾರು ಬಡಿಸು, ದೀಪ ಆರಿಸು ಎಂಬಷ್ಟು.

ನನಗೆ ಆಗ ನೆನಪಾದದ್ದು ೧೯೮೪ರ ಏಪ್ರಿಲ್ ಹತ್ತು. ಕಡೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ನಾಲ್ಕು ಮೈಲಿ ದೂರದ ತಾಂಡ್ಯದಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗನಿದ್ದ. ಮನೆಯ ಮಾತು ಲಂಬಾಣಿ. ರಾಗಿಯ ಮೂಟೆಗಳ ಲೆಕ್ಕವನ್ನು ಬಾಯಲ್ಲೇ ಹೇಳಿಬಿಡುತ್ತಿದ್ದ. ನಾನು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಆದರೆ ಉಕ್ತಲೇಖನದಲ್ಲಿ ಒತ್ತಕ್ಷರವೆಲ್ಲ ಹಾರಿಹೋಗುತ್ತಿದ್ದವು. ಕನ್ನಡದಲ್ಲಿ ಅವನಿಗೆ ೩೧ ಅಂಕ ಬಂದಿತು. ಬೇಕಾದದ್ದು ೩೫. ಪಟ್ಟಿಯನ್ನು ಓದಿ ಮುಗಿಸಿದೆ; ಎಲ್ಲರೂ ಚದರಿದರು; ಅವನು ಮಾತ್ರ ನಿಂತಿದ್ದ. "ಸಾ, ನನ್ ಹೆಸ್ರು ಮರ್ತ್‌ಬಿಟ್ರಿ" ಎಂದ. ನಾನು ಮರೆತಿದ್ದೇನೆಂದೇ ಅವನು ನಂಬಿದ್ದ. "ಮರೆತಿಲ್ಲ, ಪಟ್ಟಿಯಲ್ಲಿಲ್ಲ" ಎಂದು ಹೇಳಿ ನಾನು ಕೊಠಡಿಗೆ ಬೀಗ ಹಾಕಿದೆ. ಜೂನಿನಲ್ಲಿ ಅವನು ಬರಲಿಲ್ಲ. ಅಪ್ಪನ ಜೊತೆ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದನೆಂದು ಯಾರೋ ಹೇಳಿದರು. ಹೋಗಿ ಕರೆತರಬಹುದಾಗಿತ್ತು. ಹೋಗಲಿಲ್ಲ.

ತನ್ನದಲ್ಲದ ಭಾಷೆಯಲ್ಲಿ ನಾಲ್ಕು ಅಂಕ ಕಡಮೆಯಾಯಿತೆಂದು ಆ ಹುಡುಗನ ಶಾಲೆ ಮುಗಿಯಿತು. ಇಲ್ಲಿ ನನ್ನ ಮೊಮ್ಮಗ, ಅದೇ ಭಾಷೆ ಮನೆಮಾತಾಗಿದ್ದೂ, ಬಾರದೆಂದು ಬರೆದು, ಕೆಳಗೆ ಹೂವಿನ ಚಿತ್ರ ಹಾಕಿದ್ದ.

"ಈಗ ನೀವು ಬರೀಬೇಕು ತಾತ" ಎಂದು ಹುಡುಗ ಪೆನ್ನು ಕೊಟ್ಟ. ಹಾಳೆಯ ತಳದಲ್ಲಿ ಮನೆಯ ಹಿರಿಯರಿಗೆ ಒಂದು ಪ್ರಶ್ನೆಯಿತ್ತು: ಮುಂದಿನ ಸೆಮಿಸ್ಟರಿನಲ್ಲಿ ನೀವು ಈ ಮಗುವಿಗೆ ಹೇಗೆ ನೆರವಾಗುವಿರಿ? ಸಾವಿರಾರು ಅಂಕಪಟ್ಟಿಗಳ ಮೇಲೆ 'ಇನ್ನೂ ಶ್ರಮಿಸಬೇಕು' ಎಂದು ಬರೆದ ಕೈ ಇದು. ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪ್ರತಿ ಭಾನುವಾರ ಒಂದು ಗಂಟೆ ಇಬ್ಬರೂ ಕೂಡಿ ಓದುತ್ತೇವೆ' ಎಂದು ಕನ್ನಡದಲ್ಲಿ ಬರೆದೆ. ಉಪಾಧ್ಯಾಯಿನಿ ಆಗ ಹತ್ತಿರ ಬಂದು ನೋಡಿದರು. ತಮಗೆ ಓದಲು ಬಾರದೆಂದು ನಕ್ಕು, ಏನು ಬರೆದಿದೆಯೆಂದು ಹುಡುಗನನ್ನೇ ಕೇಳಿದರು. ಅವನು ಬೆರಳಿಟ್ಟು ಓದಿದ. 'ಪ್ರತಿ' ಎಂಬಲ್ಲಿ ನಿಂತ. ಪಕ್ಕದ ಮೇಜಿನವರೂ ತಿರುಗಿ ನೋಡಿದರು. ನಾನು ಹೇಳಿಕೊಡಲಿಲ್ಲ, ಹೇಳಿಕೊಡದೆ ಇರುವುದು ಎಷ್ಟು ಕಷ್ಟವೆಂದು ಗೋಡೆಗೊರಗಿ ನಿಂತಿದ್ದ ಆಕೆಯ ವಿಷಯದಲ್ಲಿ ಅಂದು ಅರ್ಥವಾಯಿತು. ಮೂರನೆಯ ಸಲ ಅವನು ದಾಟಿದ.

ಹೊರಡುವಾಗ ಮುಂದಿನ ಸೆಮಿಸ್ಟರಿನ ಕಾರ್ಯಕ್ರಮಗಳ ಹಾಳೆಯೊಂದನ್ನು ಕೈಗಿತ್ತರು. ಜನವರಿ ಎರಡನೆಯ ವಾರ ಶಾಲೆ ಪುನಃ ಪ್ರಾರಂಭ, ಆಮೇಲೆ ಕ್ರೀಡೆಗಳ ದಿನ, ಐದನೆಯ ತರಗತಿಯವರ ದೊಡ್ಡ ಪ್ರದರ್ಶನ, ಇತ್ಯಾದಿ. ಫೆಬ್ರವರಿ ೨೧ರ ಮುಂದೆ ಹುಡುಗ ಕೆಂಪು ಗೆರೆ ಎಳೆದಿದ್ದ. ಅಂದು ಮಾತೃಭಾಷಾ ದಿನ. ೧೯೫೨ರಲ್ಲಿ ಢಾಕಾ ನಗರದಲ್ಲಿ ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟ ತರುಣರ ನೆನಪಿಗೆ ಯುನೆಸ್ಕೊ ೧೯೯೯ರಲ್ಲಿ ಗೊತ್ತುಮಾಡಿದ ದಿನ. ಆ ದಿನ ಅಜ್ಜ ಅಜ್ಜಿಯರು ಬಂದು ಮನೆಮಾತಿನಲ್ಲಿ ಕಥೆ ಹೇಳಬೇಕಂತೆ. ಆ ಒಂದು ತರಗತಿಯ ಮಕ್ಕಳ ಮನೆಗಳಲ್ಲೇ ಹನ್ನೊಂದು ಭಾಷೆಗಳಿವೆ. ನನ್ನನ್ನು ಕೇಳದೆಯೇ ಹುಡುಗ ನನ್ನ ಹೆಸರನ್ನು ಕೊಟ್ಟುಬಿಟ್ಟಿದ್ದ. ಅರ್ಧ ಕಥೆ ನಾನು ಹೇಳುವುದು, ಉಳಿದರ್ಧ ಅವನು ಓದುವುದು. ರಿಸ್ಕ್ ಟೇಕರ್!

ಪುಣ್ಯಕೋಟಿಯ ಕಥೆಯನ್ನು ಆರಿಸಿಕೊಂಡಿದ್ದೇವೆ. ಹೆಸರಿನಲ್ಲೇ ಒತ್ತಕ್ಷರವಿರುವುದು ಹುಡುಗನ ದುರದೃಷ್ಟ. ಮೂರು ಭಾನುವಾರಗಳು ಕಳೆದಿವೆ. ಇನ್ನು ಐದು ವಾರಗಳಿವೆ. ಮೊನ್ನೆ ಅವನು ತಾನೇ ದೊಡ್ಡ ಅಕ್ಷರಗಳಲ್ಲಿ ಶೀರ್ಷಿಕೆ ಬರೆದು ತಂದ: 'ಪುಣಯಕೋಟಿ.' ನನ್ನ ಕೈ ತಾನಾಗಿ ಜೇಬಿಗೆ, ಕೆಂಪು ಪೆನ್ನಿಗೆ ಹೋಯಿತು. ಹುಡುಗ ಹಾಳೆಯನ್ನು ದೂರದಿಂದ ಹಿಡಿದು ನೋಡಿದ. "ಇಲ್ಲಿ ಏನೋ ತಪ್ಪಿದೆ, ಅಲ್ವಾ ತಾತ? ಇರಿ, ಹೇಳಬೇಡಿ" ಎಂದು ಇನ್ನೊಂದು ಹಾಳೆ ತೆಗೆದುಕೊಂಡ. ಮೊದಲ ಹಾಳೆಗೆ ತಾರೀಖು ಹಾಕಿ ಕಡತಕ್ಕೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಸೇರಿಸಿದೆ.