ಹನ್ನೊಂದನೇ ತರಗತಿ ಯಾವ ಊರಲ್ಲಿ?

ಯೇವಲಾ, ಮಹಾರಾಷ್ಟ್ರ, 13 ಅಕ್ಟೋಬರ್ 2024, ಭಾನುವಾರ

ಬೆಳಗ್ಗೆಯಿಂದ ಊರಿನ ತುಂಬ ನೀಲಿ ಬಾವುಟ. 1935ರಲ್ಲಿ ಇದೇ ದಿನ, ಇದೇ ಊರಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಬಾಬಾಸಾಹೇಬ್ ಅಂಬೇಡ್ಕರರು ಸಾರಿದ್ದು. ಮಗಳು ಪುಟ್ಟಿಯನ್ನು ಅದರ ಸ್ಮಾರಕವಾದ ಮುಕ್ತಿಭೂಮಿಗೆ ಕರೆದುಕೊಂಡು ಹೋಗಿದ್ದೆ. ಹತ್ತನೇ ತರಗತಿಯ ಹುಡುಗಿಗೆ ಹತ್ತನೇ ತರಗತಿಯದೇ ಪ್ರಶ್ನೆ. “ಅಮ್ಮ, ಮೆಟ್ರಿಕ್ ಮುಗಿದಮೇಲೆ ಮುಂದೇನು ಓದಬೇಕು ಅಂತ ಅವರಿಗೆ ಯಾರು ಹೇಳಿದರು?”

ಗೊತ್ತಿದ್ದಷ್ಟು ಹೇಳಿದೆ. 1907ರಲ್ಲಿ ಮೆಟ್ರಿಕ್, ಆಮೇಲೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು, 1912ರಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದಲ್ಲಿ ಬಿ.ಎ., ಮರುವರ್ಷ ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ. ಓದಿಸಲೇಬೇಕೆಂಬ ಹಟ ತಂದೆಯದು, ದುಡ್ಡು ಮಹಾರಾಜರದು. ಅದೇ ಮನುಷ್ಯ 1950ರಲ್ಲಿ ಇಲ್ಲಿಗೆ ಹತ್ತಿರದ ಔರಂಗಾಬಾದಿನಲ್ಲಿ, ಅಂದರೆ ಈಗಿನ ಸಂಭಾಜಿನಗರದಲ್ಲಿ, ಕಾಲೇಜು ತೆರೆದರು. ಮಿಲಿಂದ್ ಕಾಲೇಜು ಅದೇ. ತಾನು ಓದಿದ್ದು ಸಾಲದು, ಹಿಂದಿನಿಂದ ಬರುವ ಮಕ್ಕಳಿಗೆ ಹತ್ತಿರದಲ್ಲೇ ಕಾಲೇಜು ಬೇಕು ಎಂದು ಯೋಚಿಸಿದವರು ಎಂದೆ. ಮನೆಗೆ ಬರುವ ತನಕ ಅವಳು ಮಾತಾಡಲಿಲ್ಲ.

24 ನವೆಂಬರ್, ಭಾನುವಾರ

ಇವರು ನೂಲು ಕೊಡುವ ನೇಕಾರರ ಮನೆಗೆ ಇವತ್ತು ಪುಟ್ಟಿಯೂ ಬಂದಳು. ನಮ್ಮ ಕಡೆಯ ರೇಷ್ಮೆ ಬೆಂಗಳೂರಿನಿಂದ ಬಂದು ಇಲ್ಲಿ ಪೈಠಣಿ ಸೀರೆಯಾಗುತ್ತದೆ. ನಾವು ಶಿಡ್ಲಘಟ್ಟ ಬಿಟ್ಟು ಇಲ್ಲಿ ನೆಲೆಸಿದ್ದೂ ಅದರ ಹಿಂದೆಯೇ. ಆ ಮನೆಯ ಮಗಳು ಪುಟ್ಟಿಯ ಸಹಪಾಠಿ.

ಮಗ್ಗದಲ್ಲಿ ಸೆರಗು ನಡೆದಿತ್ತು. ನವಿಲಿನ ಕತ್ತಿಗೊಂದು, ಗರಿಗೊಂದು, ಕಣ್ಣಿಗೊಂದು ಅಂತ ಬಣ್ಣಕ್ಕೊಂದು ಪುಟ್ಟ ಕಂಡಿಕೆ. ಹಾಸಿನ ಎಳೆಗಳನ್ನು ಬೆರಳಲ್ಲೇ ಎಣಿಸಿ, ಆ ಬಣ್ಣ ಎಲ್ಲಿ ಮುಗಿಯಬೇಕೋ ಅಲ್ಲಿಗೇ ನಿಲ್ಲಿಸಿ, ಪಕ್ಕದ ಬಣ್ಣದ ಎಳೆಗೆ ಸಿಕ್ಕಿಸಿ ಹಿಂದಕ್ಕೆ ತರಬೇಕು. ಹಿಂಬದಿಯಲ್ಲಿ ಒಂದು ಎಳೆಯೂ ಜೋತಾಡುವುದಿಲ್ಲ. ಸೆರಗು ತಿರುಗಿಸಿದರೂ ಅದೇ ನವಿಲು. ಪುಟ್ಟಿ ಗಣಿತದ ಪುಸ್ತಕದ ಹಿಂದಿನ ಗ್ರಾಫ್ ಹಾಳೆ ಹರಿದು, ಚೌಕಕ್ಕೊಂದು ಎಳೆ ಎಂದಿಟ್ಟುಕೊಂಡು ಆ ನವಿಲನ್ನು ಇಳಿಸತೊಡಗಿದಳು. ಊಟಕ್ಕೆ ಕರೆದರೂ ಏಳಲಿಲ್ಲ. ಟ್ಯೂಷನ್‌ನಲ್ಲಿ ಅವಳು ಹೀಗೆ ಮೈಮರೆತು ಕೂತದ್ದನ್ನು ನಾನು ಕಂಡಿಲ್ಲ.

ಆ ಮನೆಯೊಡತಿ ಮಾತ್ರ ನನ್ನ ಕೈ ಹಿಡಿದು, ಮಗಳು ಈ ಮಗ್ಗದ ಗುಂಡಿಗೆ ಇಳಿಯಬಾರದು ಎಂದರು. ಆ ಮಾತಿಗೆ ಎದುರಾಡಲು ನನಗೇನು ಹಕ್ಕು? ಆದರೆ ಅವರ ಹುಡುಗಿಗೆ ಮಗ್ಗದ ಮೇಲೆ ಪ್ರೀತಿ ಇದೆ. ಕೈಮಗ್ಗ ತಂತ್ರಜ್ಞಾನಕ್ಕೇ ಕಾಲೇಜುಗಳಿವೆ, ವಾರಾಣಸಿಯಲ್ಲಿ, ಸೇಲಂನಲ್ಲಿ, ನಮ್ಮ ಗದಗ-ಬೆಟಗೇರಿಯಲ್ಲಿ, ಹತ್ತನೇ ತರಗತಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ ಎಂದು ತಿಳಿಸಿದೆ. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೇ ಆ ಸುದ್ದಿ ಹೊಸದು. ಬೇಜಾರಾಯಿತು. ಬರೀ ಡಾಕ್ಟರ್, ಎಂಜಿನಿಯರ್ ಅಂತ ಫಲಕ ಹಾಕುವ ಈ ಬೀದಿಗಳಲ್ಲಿ ಇದನ್ನು ಹೇಳುವವರೇ ಇಲ್ಲ.

15 ಜನವರಿ 2025, ಬುಧವಾರ

ಸಂಕ್ರಾಂತಿಯ ಗಾಳಿಪಟದ ಗದ್ದಲ ಇನ್ನೂ ಇಳಿದಿಲ್ಲ. ಊರಿಂದ ಅಣ್ಣ ಫೋನ್ ಮಾಡಿದ್ದ. “ಪಿಯುಸಿಗೆ ಇಲ್ಲಿಗೇ ಕಳಿಸು, ಅಜ್ಜಿ ಮನೆಯಲ್ಲಿ ಇರಲಿ. ಎರಡು ವರ್ಷ ಓದಿದರೆ ಸಿಇಟಿಗೆ ಕರ್ನಾಟಕದವಳೇ ಆಗ್ತಾಳೆ.”

ಅವನ ಮಾತು ನಿಜ. ಹನ್ನೊಂದು, ಹನ್ನೆರಡು ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ತಾಯಿಯರಲ್ಲಿ ಒಬ್ಬರು ಅಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಅರ್ಹತೆ ಸಿಗುತ್ತದೆ. ಅಕ್ಕಲಕೋಟೆ, ಜತ್ತದ ಕಡೆಯವರಿಗೆ ಗಡಿನಾಡ ಕನ್ನಡಿಗರೆಂಬ ದಾರಿ ಬೇರೆ ಇದೆ. ಯೇವಲಾ ಆ ಪಟ್ಟಿಯಲ್ಲಿಲ್ಲ. ಇನ್ನೊಂದು ಕಡೆ, ಮಹಾರಾಷ್ಟ್ರದ ಎಂಜಿನಿಯರಿಂಗ್ ಸೀಟುಗಳಿಗೆ ಇಲ್ಲಿಯವಳೆಂದು ನೇರವಾಗಿ ಎಣಿಸಿಕೊಳ್ಳಬೇಕಾದರೆ ಹತ್ತು, ಹನ್ನೆರಡು ಎರಡೂ ಇಲ್ಲೇ ಪಾಸಾಗಿರಬೇಕು, ಜೊತೆಗೆ ಇಲ್ಲೇ ಹುಟ್ಟಿರಬೇಕು ಅಥವಾ ಡೊಮಿಸೈಲ್ ಪತ್ರ ಇರಬೇಕು. ಪುಟ್ಟಿ ಹುಟ್ಟಿದ್ದು ಇಲ್ಲೇ. ಅಲ್ಲಿಗೆ ಹೋದರೆ ಇಲ್ಲಿಯ ಈ ದಾರಿ ಮುಚ್ಚಿತು, ಇಲ್ಲಿ ಉಳಿದರೆ ಅಲ್ಲಿಯದು. ಹದಿನಾರು ತುಂಬದ ಮಗು ಸೈನ್ಸೋ ಕಾಮರ್ಸೋ ಎಂದು ತಲೆ ಕೆಡಿಸಿಕೊಂಡಿರುವಾಗ, ಅವಳು ಯಾವ ರಾಜ್ಯದವಳು ಎನ್ನುವುದೂ ಅದೇ ಜೂನ್‌ನಲ್ಲಿ ತೀರ್ಮಾನವಾಗುತ್ತದೆ.

ಪರೀಕ್ಷೆಯ ರೀತಿಯೂ ಬೇರೆ. ಅಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ. ಇಲ್ಲಿ ಸಿಇಟಿಯದೇ ಲೆಕ್ಕ, ಅದರಲ್ಲೂ ಶೇ. 20ರಷ್ಟು ಪ್ರಶ್ನೆಗಳು ಹನ್ನೊಂದನೆಯ ಪಾಠದವು. ಹನ್ನೊಂದನೇ ತರಗತಿ ಅಂದರೆ ಆಟದ ವರ್ಷ ಎಂದುಕೊಂಡವರಿಗೆ ಇದು ತಿಳಿದಿರಬೇಕು.

ಇವರಿಗೆ ಬೆಂಗಳೂರಿನ ಎಸ್‌ಕೆಎಸ್‌ಜೆಟಿಐ ಮೇಲೆ ಆಸೆ. 1938ರಿಂದ ಇರುವ ಸಂಸ್ಥೆ, ರೇಷ್ಮೆಯ ತಂತ್ರಜ್ಞಾನವನ್ನೇ ಕಲಿಸುತ್ತದೆ. ನಮ್ಮಂಥ ಮನೆಯವರಿಗೆ ಆ ಹೆಸರು ಕೇಳಿದರೆ ಎದೆ ಉಬ್ಬುತ್ತದೆ, ಸುಳ್ಳಲ್ಲ. ಆದರೆ ಜವಳಿ ಎಂಜಿನಿಯರಿಂಗ್ ಮುಂಬೈಯ ವಿಜೆಟಿಐನಲ್ಲೂ ಇದೆ, ಇಚಲಕರಂಜಿಯ ಡಿಕೆಟಿಇಯಲ್ಲೂ ಇದೆ. ನಮ್ಮ ಆಸೆ ಒಂದು ಕಡೆ ಇರಲಿ, ಅವಳನ್ನೇ ಕೇಳಬೇಕು. ಕೇಳಿದೆ. ಪರೀಕ್ಷೆ ಮುಗಿದಮೇಲೆ ಹೇಳ್ತೀನಿ ಎಂದಳು. ಸರಿಯಾದ ಉತ್ತರ. ಫೆಬ್ರವರಿಯಲ್ಲೇ ಬೋರ್ಡ್ ಪರೀಕ್ಷೆ. ಅಲ್ಲಿಯ ತನಕ ಈ ವಿಷಯ ಮನೆಯಲ್ಲಿ ಯಾರೂ ಎತ್ತಬಾರದು ಅಂತ ಹೇಳಿದ್ದೇನೆ.

13 ಮೇ, ಮಂಗಳವಾರ

ಫಲಿತಾಂಶ ಬಂತು, ಒಳ್ಳೆಯ ಅಂಕ. ಗಣಿತದಲ್ಲಿ ಎಲ್ಲಕ್ಕಿಂತ ಹೆಚ್ಚು. ನೇಕಾರರ ಮನೆಯ ಗೆಳತಿಯೂ ಚೆನ್ನಾಗಿ ಮಾಡಿದ್ದಾಳೆ. ಅವರಮ್ಮ ಪೇಡಾ ತಂದರು, ಫೀಸಿನ ಚಿಂತೆಯನ್ನೂ ತಂದರು. ಎಂಟು ಲಕ್ಷದೊಳಗಿನ ಆದಾಯದ ಒಬಿಸಿ ಮನೆಯ ಹೆಣ್ಣುಮಕ್ಕಳಿಗೆ ವೃತ್ತಿ ಶಿಕ್ಷಣದ ಶುಲ್ಕ ಪೂರ್ತಿ ಮಾಫಿ ಎಂದು ಕಳೆದ ಜುಲೈನಲ್ಲೇ ಇಲ್ಲಿಯ ಸರ್ಕಾರ ಆದೇಶ ಹೊರಡಿಸಿದೆ ಎಂದೆ. ಜಾತಿ, ಆದಾಯದ ದಾಖಲೆಗಳನ್ನು ಈ ವಾರವೇ ಮಾಡಿಸಿಟ್ಟುಕೊಳ್ಳಿ ಎಂದೂ ಒತ್ತಿ ಹೇಳಿದೆ. ಕಾಗದ ತಡವಾಗಿ ಸೀಟು ಹೋದರೆ ಯಾರನ್ನು ಕೇಳುವುದು?

29 ಮೇ, ಗುರುವಾರ

ಪುಟ್ಟಿ ಹೇಳಿದಳು. ಇಲ್ಲೇ ಓದುತ್ತಾಳೆ: ಸೈನ್ಸ್, ಗಣಿತ ಇಟ್ಟುಕೊಂಡು, ಜೀವಶಾಸ್ತ್ರ ಬೇಡ. ಜವಳಿ ಎಂಜಿನಿಯರಿಂಗ್ ಆಗಬಹುದು, ಆಗದಿದ್ದರೆ ಗಣಿತವೇ ಓದುತ್ತೇನೆ ಅಂದಳು. ಅಣ್ಣನಿಗೆ ಬೇಸರ, ಅಮ್ಮನಿಗೆ ಅದಕ್ಕಿಂತ ಹೆಚ್ಚು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಯೋಚನೆ ಮಾಡಿ ಹೇಳಿದೀಯ, ಆಯ್ತಮ್ಮ” ಎಂದರು. ನನಗೆ ಆ ಒಂದು ಮಾತು ಸಾಕು.

ಈ ವರ್ಷದಿಂದ ಹನ್ನೊಂದನೆಯ ಪ್ರವೇಶ ಇಡೀ ರಾಜ್ಯಕ್ಕೆ ಆನ್‌ಲೈನ್. ಹತ್ತು ಕಾಲೇಜುಗಳ ತನಕ ಆಯ್ಕೆ ಕೊಡಬಹುದು. ಮೊದಲು ಯೇವಲಾದವು, ಕೊನೆಗೆ ನಾಸಿಕ್‌ನ ಎರಡು ಹಾಕಿದೆವು. ಗೆಳತಿ ಕೈಮಗ್ಗದ ಡಿಪ್ಲೊಮಾಕ್ಕೆ ಅರ್ಜಿ ಹಾಕುತ್ತಾಳಂತೆ, ಅವರಮ್ಮ ಕೊನೆಗೂ ಒಪ್ಪಿದ್ದಾರೆ.

ಪುಣೆಯಲ್ಲಿರುವ ತಂಗಿಗೆ ನಾಳೆ ಬರೆಯಬೇಕು. ಅವಳ ಮಗ ಈಗ ಎಂಟು ಮುಗಿಸಿದ್ದಾನೆ. ಕರ್ನಾಟಕಕ್ಕೆ ಕಳಿಸುವುದೋ ಅಲ್ಲೇ ಓದಿಸುವುದೋ, ಎರಡೂ ಕಡೆಯ ನಿಯಮಗಳನ್ನು ಒಂಬತ್ತರಲ್ಲೇ ಓದಿಟ್ಟುಕೊಳ್ಳಿ. ನಿಯಮ ಓದುವುದು ನಿಮ್ಮ ಕೆಲಸ, ಏನು ಓದಬೇಕೆಂದು ಹೇಳುವುದು ಮಗುವಿನ ಕೆಲಸ.